ಗಾರೆ ಉದುರಿದೆಯೋ, ಗೋಡೆಯೇ ಬಿರಿದಿದೆಯೋ

ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರಂದು, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಆಗುತ್ತದೆ. ಮಾರನೆಯ ಬೆಳಿಗ್ಗೆ ಮೂತ್ರ ಕೆಂಪಗೆ ಹೋದರೆ ಯಾರೂ ಬೆದರುವುದಿಲ್ಲ. ಮದ್ದು ಮೈಗೆ ಹಿಡಿದಿದೆ ಎನ್ನುತ್ತಾರೆ, ಬಣ್ಣ ತಾನಾಗಿ ತಿಳಿಯಾಗುತ್ತದೆ. ಈ ಕೆಂಪು ಸೊಪ್ಪಿನದು, ಅದಕ್ಕೆ ಹೆದರಬೇಕಾಗಿಯೂ ಇಲ್ಲ.

ಹೆದರಬೇಕಾದ ಕೆಂಪು ಬೇರೆ ಇದೆ, ಅದು ಮಲದ ಜೊತೆ ಬರುವ ರಕ್ತ. ಅದನ್ನೂ ನಾವು ಇಷ್ಟೇ ಸಲೀಸಾಗಿ ತೆಗೆದುಕೊಳ್ಳುತ್ತೇವೆ ಎನ್ನುವುದೇ ಸಂಕಟ. ಮೊದಲ ತಿಂಗಳು ಉಷ್ಣ ಎಂದು ಎಳನೀರು, ಮೆಂತ್ಯದ ನೀರು. ಆಮೇಲೆ ಪೈಲ್ಸ್ ಇರಬೇಕು ಎಂದು ಯಾರೋ ಹೇಳಿದ ನಾಟಿ ಔಷಧಿ. ಅಷ್ಟರಲ್ಲಿ ಕಾಫಿ ಕುಯ್ಲು ಬರುತ್ತದೆ, ಆಸ್ಪತ್ರೆಯ ಮಾತು ಮುಂದಕ್ಕೆ ಹೋಗುತ್ತದೆ. ಕುಯ್ಲು ಮುಗಿದು ಬಿಡುವಾಗುವ ಹೊತ್ತಿಗೆ ಆಳು ಎಂಟು ಕಿಲೋ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವಷ್ಟು ರಕ್ತಹೀನತೆ ಆಗಿರುತ್ತದೆ. ವಯಸ್ಸು ನೋಡಿದರೆ ಇನ್ನೂ ಇಪ್ಪತ್ತೈದು. ಐಬಿಡಿ ಎಂದು ಕರೆಯುವ ಕರುಳಿನ ಉರಿಯೂತದ ಕಾಯಿಲೆ ಹೆಚ್ಚಾಗಿ ಶುರುವಾಗುವುದು 15ರಿಂದ 35ರ ನಡುವಿನ ಈ ವಯಸ್ಸಿನಲ್ಲೇ. ಐವತ್ತು ದಾಟಿದವರಲ್ಲಿ ಶುರುವಾಗುವುದೂ ಉಂಟು.

ಪೈಲ್ಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕಕ್ಕಸಿನಲ್ಲೇ ಬಹುಮಟ್ಟಿಗೆ ತಿಳಿಯುತ್ತದೆ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಮಲ ಗಟ್ಟಿಯಾಗಿದ್ದಾಗ, ತಿಣುಕಿದ ಮೇಲೆ, ಅಚ್ಚ ಕೆಂಪಗೆ ತೊಟ್ಟಿಕ್ಕುತ್ತದೆ. ಮಲದ ಮೈಗೆ ಹೊರಗಿನಿಂದ ಅಂಟಿರಬಹುದು, ಒಳಗೆ ಬೆರೆತಿರುವುದಿಲ್ಲ. ಉರಿಯೂತದ ರಕ್ತ ಲೋಳೆಯ ಜೊತೆ ಕಲಸಿಕೊಂಡು ಬರುತ್ತದೆ, ಮಲ ತೆಳ್ಳಗಿರುತ್ತದೆ. ಬಂತು ಅಂದರೆ ತಡೆಯಲಾಗುವುದಿಲ್ಲ. ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಎನ್ನಿಸಿ ಮತ್ತೆ ಹೋಗಿ ಕೂರಬೇಕಾಗುತ್ತದೆ, ಕೂತರೆ ಬರುವುದು ಒಂದು ಚಮಚ ಲೋಳೆ. ಎಲ್ಲಕ್ಕಿಂತ ಮುಖ್ಯ ಗುರುತು ರಾತ್ರಿಯದು. ನಿದ್ದೆಯಿಂದ ಎಬ್ಬಿಸುವ ಭೇದಿಯನ್ನು ಎಂದೂ ಹಗುರವಾಗಿ ಕಾಣಬಾರದು. ಟೆನ್ಷನ್‌ನಿಂದ ಹೊಟ್ಟೆ ಕೆಡುವ ಐಬಿಎಸ್ ಎಂಬ ತೊಂದರೆಯಲ್ಲಿ ನೋವು, ಉಬ್ಬರ, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ ಎಲ್ಲ ಇರಬಹುದು. ಆದರೆ ಐಬಿಎಸ್ ರಕ್ತ ತರಿಸುವುದಿಲ್ಲ, ಜ್ವರ ತರಿಸುವುದಿಲ್ಲ, ತೂಕ ಇಳಿಸುವುದಿಲ್ಲ. ಐಬಿಎಸ್, ಐಬಿಡಿ ಎಂಬ ಎರಡು ಹೆಸರು ಕಿವಿಗೆ ಒಂದೇ ಥರ ಕೇಳುವುದರಿಂದ ಆಗುವ ಗೊಂದಲಕ್ಕೆ ಲೆಕ್ಕವಿಲ್ಲ.

ಐಬಿಡಿ ಎನ್ನುವುದು ಒಂದೇ ರೋಗದ ಹೆಸರಲ್ಲ. ಮುಖ್ಯವಾಗಿ ಎರಡು: ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ. ಎರಡರಲ್ಲೂ ಆಗುವ ಮೂಲ ತಪ್ಪು ಒಂದೇ. ಕರುಳಿನಲ್ಲಿ ವಾಸವಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ಜೊತೆ ದೇಹದ ರೋಗನಿರೋಧಕ ಪಡೆ ಹೊಂದಿಕೊಂಡಿರಬೇಕಾದ್ದು, ಹೊಂದಾಣಿಕೆ ತಪ್ಪಿ ಸದಾ ಕಾದಾಟಕ್ಕಿಳಿಯುತ್ತದೆ. ಹುಟ್ಟಿನಿಂದ ಬಂದ ಒಲವು, ಪರಿಸರ, ಕರುಳಿನ ಜೀವಾಣುಗಳ ಏರುಪೇರು ಇವೆಲ್ಲ ಸೇರಿ ಹೀಗಾಗುತ್ತದೆ. ಇದು ಅಂಟುರೋಗವಲ್ಲ. ಖಾರ ತಿಂದದ್ದರಿಂದಲೂ ಬರುವುದಿಲ್ಲ, ನಮ್ಮ ಅಡುಗೆಯ ಹುಳಿ ಕಾಚಂಪುಳಿಯಿಂದಲೂ ಬರುವುದಿಲ್ಲ.

ವ್ಯತ್ಯಾಸ ಇರುವುದು ಉರಿ ಎಲ್ಲಿ ಹತ್ತುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನುವುದರಲ್ಲಿ. ಮಳೆಗಾಲ ಕಳೆದ ಮೇಲೆ ನಮ್ಮ ಮನೆಗಳ ಗೋಡೆ ನೋಡಿ. ಕೆಲವು ಕಡೆ ತೇವ ಹಿಡಿದು ಬರೀ ಗಾರೆ ಉದುರಿರುತ್ತದೆ, ಒಳಗಿನ ಇಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಕೆಲವು ಕಡೆ ಗೋಡೆಯೇ ಆರ್‌ಪಾರ್ ಬಿರಿದಿರುತ್ತದೆ, ಈಚೆಯಿಂದ ಆಚೆಯ ಬೆಳಕು ಕಾಣುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಗಾರೆಯ ರೋಗ, ಕರುಳಿನ ಒಳಮೈಯ ಲೋಳೆಪೊರೆಯನ್ನು ಮಾತ್ರ ಕೆರೆಯುತ್ತದೆ. ಕ್ರೋನ್ಸ್ ಗೋಡೆಯ ರೋಗ. ಲೋಳೆಪೊರೆ, ಅದರಡಿಯ ಪದರ, ಸ್ನಾಯು, ಹೊರಹೊದಿಕೆ, ಎಲ್ಲವನ್ನೂ ದಾಟುತ್ತದೆ. ಔಷಧಿ, ಊಟ, ಆಪರೇಷನ್, ಮುಂದೆ ಬರಬಹುದಾದ ತೊಂದರೆಗಳು ಎಲ್ಲವೂ ಈ ಆಳದ ಲೆಕ್ಕಕ್ಕೇ ಬಂದು ನಿಲ್ಲುತ್ತವೆ. ಆದ್ದರಿಂದ ವೈದ್ಯರು ‘ಕರುಳಿನಲ್ಲಿ ಉರಿ ಇದೆ’ ಎಂದಾಗ ಯಾವುದು, ಎಲ್ಲಿ, ಎಷ್ಟು ಆಳ ಎಂದು ಕೇಳದೆ ಎದ್ದು ಬರಬೇಡಿ.

ಇನ್ನು ಜಾಗ. ಕೊಲೈಟಿಸ್ ಗುದನಾಳದಲ್ಲಿ ಶುರುವಾಗಿ, ತೋಡಿನ ನೀರು ಗದ್ದೆಗೆ ನುಗ್ಗಿ ಕೆಳಗಿನ ಮಡಿಯಿಂದ ಮೇಲಕ್ಕೆ ಏರುವ ಹಾಗೆ, ನಡುವೆ ಎಲ್ಲೂ ಬಿಡದೆ ಮೇಲೇರುತ್ತದೆ. ಕೆಲವರಲ್ಲಿ ಗುದನಾಳದಲ್ಲೇ ನಿಲ್ಲುತ್ತದೆ, ಕೆಲವರಲ್ಲಿ ಎಡಭಾಗದವರೆಗೆ, ಕೆಲವರಲ್ಲಿ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಪೂರ್ತಿ ಆವರಿಸುತ್ತದೆ. ಸಣ್ಣ ಕರುಳಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಕ್ರೋನ್ಸ್ ಹಾಗಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಹೇಗಿತ್ತೋ ಹಾಗೆ: ಇಲ್ಲೊಂದು ಕಡೆ ಕುಸಿತ, ಮುಂದೆ ಒಂದಷ್ಟು ದೂರ ಒಳ್ಳೆಯ ರಸ್ತೆ, ತಿರುವಿನಲ್ಲಿ ಮತ್ತೆ ಕುಸಿತ. ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಆದರೆ ಅದಕ್ಕೆ ಬಲು ಇಷ್ಟವಾದ ಜಾಗ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕೊನೆಯ ತುಂಡು, ಹೊಟ್ಟೆಯ ಬಲಗಡೆ ಕೆಳಗೆ. ಅಪೆಂಡಿಕ್ಸ್ ನೋವೆಂದು ಆಪರೇಷನ್ ಟೇಬಲ್ ಮೇಲೆ ಮಲಗಿಸಿದ ಮೇಲೆ ಕ್ರೋನ್ಸ್ ಎಂದು ಗೊತ್ತಾಗುವುದು ಇದೇ ಕಾರಣಕ್ಕೆ.

ಹೆಸರಿನ ಬಗ್ಗೆ ಒಂದು ಮಾತು. ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರನ್ನು 1859ರಷ್ಟು ಹಿಂದೆಯೇ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಬಳಸಿದ್ದರು. ಇನ್ನೊಂದನ್ನು 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಮೂವರು ವೈದ್ಯರು, ಕ್ರೋನ್, ಗಿನ್ಜ್‌ಬರ್ಗ್, ಓಪನ್‌ಹೈಮರ್, ಒಟ್ಟಿಗೆ ವಿವರಿಸಿದರು. ಲೇಖಕರ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಹಾಕಿದ್ದರಿಂದ ಮೊದಲ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಕೆಲವರಲ್ಲಿ ಎಷ್ಟು ಹುಡುಕಿದರೂ ಇದು ಅದೋ ಇದೋ ಎಂದು ಹೇಳಲಾಗುವುದಿಲ್ಲ. ಅಂಥವರ ಫೈಲಿನಲ್ಲಿ ‘ಅನ್‌ಕ್ಲಾಸಿಫೈಡ್’ ಎಂದು ಬರೆದಿರುತ್ತಾರೆ. ಅದು ವೈದ್ಯರ ಸೋಮಾರಿತನವಲ್ಲ, ಅವಸರದಲ್ಲಿ ತಪ್ಪು ಹೆಸರು ಅಂಟಿಸುವುದಕ್ಕಿಂತ ಪ್ರಾಮಾಣಿಕ.

ಗೋಡೆ ಆರ್‌ಪಾರ್ ಬಿರಿದರೆ ಏನಾಗುತ್ತದೆ? ಬಿರುಕು ಪಕ್ಕದ ಕೋಣೆಗೆ ಬಾಗಿಲು ತೆರೆಯುತ್ತದೆ. ಕರುಳಿನಿಂದ ಮೂತ್ರಕೋಶಕ್ಕೆ ದಾರಿಯಾದರೆ ಮೂತ್ರದಲ್ಲಿ ಗಾಳಿಗುಳ್ಳೆ ಬರುತ್ತದೆ. ಗುದದ ಪಕ್ಕದ ಚರ್ಮಕ್ಕೆ ದಾರಿಯಾದರೆ ಅದೇ ಫಿಸ್ಟುಲಾ, ನಾವು ಭಗಂದರ ಎನ್ನುವುದು. ಫಿಸ್ಟುಲಾ ಎಲ್ಲವೂ ಕ್ರೋನ್ಸ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಆದರೆ ಚಿಕ್ಕ ವಯಸ್ಸಿನವರಿಗೆ ಒಂದಕ್ಕಿಂತ ಹೆಚ್ಚು ಬಾಯಿಯ ಫಿಸ್ಟುಲಾ ಇದ್ದರೆ, ಕೊಯ್ದು ಸರಿಮಾಡಿದ ಮೇಲೂ ಮತ್ತೆ ಮತ್ತೆ ಬಂದರೆ, ಇನ್ನೊಂದು ಸಲ ಕತ್ತರಿ ಹಾಕಿಸಿಕೊಳ್ಳುವ ಮುಂಚೆ, ಆಯುರ್ವೇದದ ಮದ್ದಿನ ದಾರವಾದ ಕ್ಷಾರಸೂತ್ರ ಕಟ್ಟಿಸಿಕೊಳ್ಳುವ ಮುಂಚೆ, ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆ) ಮತ್ತು ಕೆಳಹೊಟ್ಟೆಯ ಎಂಆರ್‌ಐ ಆಗಬೇಕು. ಒಳಗೆ ಉರಿ ಹತ್ತಿಕೊಂಡೇ ಇದ್ದರೆ ಹೊರಗೆ ಕೊಯ್ದ ಗಾಯ ಮಾಯುವುದಿಲ್ಲ, ಮಲ ಹಿಡಿದಿಡುವ ಸ್ನಾಯುವೂ ಹಾಳಾಗುತ್ತದೆ. ಗೋಡೆ ಬಿರಿಯುವ ಬದಲು ಗಾಯ ಕಟ್ಟಿ ದಪ್ಪವಾದರೆ ಕರುಳು ಕಿರಿದಾಗುತ್ತದೆ. ಊಟವಾಗಿ ಒಂದೆರಡು ಗಂಟೆಗೆ ಹೊಟ್ಟೆ ನುಲಿದು, ಗುಡುಗುಡು ಸದ್ದಾಗಿ, ವಾಂತಿಯಾದರೆ ಶಮನವಾಗುವ ನೋವು ಇದರ ಸೂಚನೆ.

ಈಗ ನಮ್ಮ ದೇಶದಲ್ಲಿ, ನಮ್ಮ ಜಿಲ್ಲೆಯಲ್ಲಿ, ಎಲ್ಲಕ್ಕಿಂತ ಹೆಚ್ಚು ನಿಧಾನಿಸಿ ನೋಡಬೇಕಾದ ವಿಷಯ. ಕರುಳಿಗೂ ಟಿಬಿ ಬರುತ್ತದೆ. ಬಂದರೆ ಅದು ಕೂರುವುದೂ ಅದೇ ಜಾಗದಲ್ಲಿ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಸಂದಿಯಲ್ಲಿ. ಹುಣ್ಣು ಮಾಡುತ್ತದೆ, ಕರುಳು ಕಿರಿದು ಮಾಡುತ್ತದೆ, ತೂಕ ಇಳಿಸುತ್ತದೆ. ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಕ್ರೋನ್ಸ್‌ನ ಹಾಗೆಯೇ ಗ್ರಾನುಲೋಮಾ ಎಂಬ ಕಣಗಂಟುಗಳೂ ಕಾಣುತ್ತವೆ. ಎರಡೂ ಎಷ್ಟು ಹೋಲುತ್ತವೆ ಎಂದರೆ ಪಳಗಿದ ಕಣ್ಣೂ ಮೋಸಹೋಗುತ್ತದೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಕ್ರೋನ್ಸ್ ಎಂದು ತಿಳಿದು ಟಿಬಿ ರೋಗಿಗೆ ಸ್ಟೆರಾಯ್ಡ್ ಕೊಟ್ಟರೆ ಟಿಬಿ ಮೈತುಂಬ ಹರಡಬಹುದು. ಟಿಬಿ ಎಂದು ತಿಳಿದು ಕ್ರೋನ್ಸ್ ರೋಗಿಗೆ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದರೆ ಅಷ್ಟರಲ್ಲಿ ಕರುಳು ಗಾಯಗಟ್ಟಿ ಮುಚ್ಚಿಕೊಳ್ಳುವ ಹಂತಕ್ಕೆ ಬರಬಹುದು.

ರಾತ್ರಿ ಬೆವರು, ಸಂಜೆ ಜ್ವರ, ಹೊಟ್ಟೆಯಲ್ಲಿ ನೀರು, ಎದೆ ಎಕ್ಸ್‌ರೇಯಲ್ಲಿ ಕಲೆ ಇದ್ದರೆ ತಕ್ಕಡಿ ಟಿಬಿಯ ಕಡೆ ವಾಲುತ್ತದೆ. ವರ್ಷಗಟ್ಟಲೆ ಎಳೆದುಕೊಂಡು ಬಂದ ಭೇದಿ, ಮಲದಲ್ಲಿ ರಕ್ತ, ಗುದದ ಪಕ್ಕದ ಫಿಸ್ಟುಲಾ ಇದ್ದರೆ ಕ್ರೋನ್ಸ್ ಕಡೆಗೆ. ಆದರೆ ತೀರ್ಪು ಕೊಡಬೇಕಾದ್ದು ಬಯಾಪ್ಸಿ, ಇಲ್ಲೊಂದು ಸಣ್ಣ ತಪ್ಪು ಪದೇ ಪದೇ ಆಗುತ್ತದೆ. ಕೊಲೊನೋಸ್ಕೋಪಿಯಲ್ಲಿ ತೆಗೆದ ಚೂರುಗಳನ್ನೆಲ್ಲ ಒಂದೇ ಫಾರ್ಮಾಲಿನ್ ಬಾಟಲಿಗೆ ಹಾಕಿಬಿಡುತ್ತಾರೆ. ಫಾರ್ಮಾಲಿನ್ ಅಂಗಾಂಶವನ್ನು ಕೆಡದಂತೆ ಕಾಯುತ್ತದೆ, ಟಿಬಿ ಕ್ರಿಮಿಯನ್ನು ಕೊಲ್ಲುತ್ತದೆ. ಸತ್ತ ಕ್ರಿಮಿ, ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಹೋಗುವ ಚೂರು ಫಾರ್ಮಾಲಿನ್‌ನಲ್ಲಿ, ಟಿಬಿ ಕಲ್ಚರ್ ಮತ್ತು ಟಿಬಿ ಕ್ರಿಮಿಯ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೆ ಹೋಗುವ ಚೂರು ಬೇರೆ ಬಾಟಲಿಯಲ್ಲಿ, ಬರೀ ಸಲೈನ್‌ನಲ್ಲಿ ಹೋಗಬೇಕು. ‘ಟಿಬಿಗೂ ಬೇರೆಯಾಗಿ ಕಳಿಸ್ತೀರಾ ಡಾಕ್ಟ್ರೇ?’ ಎಂದು ಮೊದಲೇ ಕೇಳಿದರೆ ಯಾವ ವೈದ್ಯರೂ ಬೇಸರಪಡುವುದಿಲ್ಲ. ಕಲ್ಚರ್ ವರದಿಗೆ ಆರರಿಂದ ಎಂಟು ವಾರ ಕಾಯಬೇಕು. ಜೀನ್‌ಎಕ್ಸ್‌ಪರ್ಟ್ ಬೇಗ ಬರುತ್ತದೆ, ಆದರೆ ಕರುಳಿನ ಟಿಬಿಯಲ್ಲಿ ಅದು ಬಹಳಷ್ಟು ಸಲ ನೆಗೆಟಿವ್ ಬರುತ್ತದೆ, ಹಾಗಾಗಿ ಅದೊಂದನ್ನೇ ನಂಬಿ ಟಿಬಿ ಇಲ್ಲ ಎಂದು ಹೇಳಲಾಗದು.

ಎಲ್ಲ ಮಾಡಿದರೂ ತೀರ್ಮಾನವಾಗದಿದ್ದರೆ ಟಿಬಿ ಔಷಧಿಯನ್ನೇ ಪರೀಕ್ಷೆಯಾಗಿ ಕೊಡುವುದು ನಮ್ಮಲ್ಲಿ ರೂಢಿ, ಅದು ಸರಿಯಾದ ಕ್ರಮವೂ ಹೌದು. ಆದರೆ ಎರಡು ತಿಂಗಳಿಗೆ ಮತ್ತೆ ಒಳಗೆ ನೋಡಬೇಕು. ಟಿಬಿಯಾದರೆ ಅಷ್ಟರಲ್ಲಿ ಹುಣ್ಣು ಮಾಯಲು ತೊಡಗಿರುತ್ತದೆ. ‘ಹಸಿವಾಗ್ತಿದೆ, ಸ್ವಲ್ಪ ವಾಸಿ’ ಎನ್ನುವ ಮಾತನ್ನು ಸಾಕ್ಷಿ ಎಂದು ಹಿಡಿಯಬಾರದು, ಕ್ರೋನ್ಸ್ ಇದ್ದವರಿಗೂ ಆ ಮಾತ್ರೆಗಳಲ್ಲಿ ಸ್ವಲ್ಪ ದಿನ ಹಾಯೆನ್ನಿಸುತ್ತದೆ. ಹುಣ್ಣು ಹಾಗೆಯೇ ಇದ್ದರೆ ಆರು ತಿಂಗಳು ಕಾಯದೆ ಮತ್ತೆ ಯೋಚಿಸಬೇಕು. ಕರುಳಿನ ಟಿಬಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಚಿಕಿತ್ಸೆಯ ಅವಧಿಯಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1000 ರೂಪಾಯಿ ಪೌಷ್ಟಿಕ ಆಹಾರಕ್ಕೆ ಸಿಗುತ್ತದೆ. ಟಿಬಿ ಎಂದರೆ ತೋಟದ ಕಾರ್ಮಿಕರ ಲೈನ್ ಮನೆಯವರ ರೋಗ ಎಂಬ ಮಾತು ಈಗಲೂ ಕೇಳಿಬರುತ್ತದೆ. ಆ ಮಾತು ತಪ್ಪು, ತೋಟದ ಬಂಗಲೆಯನ್ನೂ ಅದು ಬಿಟ್ಟಿಲ್ಲ.

ಕೊಲೈಟಿಸ್‌ಗೆ ಇದೇ ರೀತಿ ವೇಷ ಹಾಕಿಕೊಂಡು ಬರುವುದು ಅಮೀಬಾದ ಆಮಶಂಕೆ. ತೋಡಿನ ನೀರು, ತೊಳೆಯದ ಟ್ಯಾಂಕು ಇರುವಲ್ಲಿ ಇದು ಸಾಮಾನ್ಯ. ಅದಕ್ಕೂ ಸ್ಟೆರಾಯ್ಡ್ ಬಿದ್ದರೆ ಕರುಳು ತೂತಾಗುವ ಅಪಾಯವಿದೆ. ಆದ್ದರಿಂದ ರಕ್ತಭೇದಿಗೆ ಮೊದಲ ಪರೀಕ್ಷೆ ಮಲದ್ದು, ಅದೂ ಬಿಸಿ ಆರುವ ಮುಂಚೆ ಲ್ಯಾಬಿಗೆ ತಲುಪಿದ ಮಾದರಿಯದು. ಚಲಿಸುವ ಅಮೀಬಾ ತಣ್ಣಗಾದ ಮಾದರಿಯಲ್ಲಿ ಸಿಗುವುದಿಲ್ಲ. ಇನ್ನೊಂದು ಉಪಯುಕ್ತ ಪರೀಕ್ಷೆ ಫೀಕಲ್ ಕ್ಯಾಲ್ಪ್ರೊಟೆಕ್ಟಿನ್. ಕರುಳಿನೊಳಕ್ಕೆ ಬಂದ ಬಿಳಿ ರಕ್ತಕಣಗಳ ಪ್ರೋಟೀನನ್ನು ಇದು ಅಳೆಯುತ್ತದೆ. ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಉರಿಯೂತ ಇರುವ ಸಂಭವ ಬಲು ಕಡಿಮೆ, 250 ದಾಟಿದರೆ ಉರಿ ಇದೆ ಎಂದೇ ಹುಡುಕಬೇಕು, ನಡುವಿನದ್ದಾದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಇದು ಐಬಿಡಿ ಎಂದು ಹೆಸರು ಹೇಳುವುದಿಲ್ಲ, ಅಮೀಬಾ ಇದ್ದರೂ ಟಿಬಿ ಇದ್ದರೂ ಏರುತ್ತದೆ, ಬ್ರೂಫೆನ್, ಡೈಕ್ಲೋಫೆನಾಕ್ ನುಂಗುವವರಲ್ಲೂ ಏರುತ್ತದೆ. ಕಂಬಳಿ ಹೊತ್ತು ಮಳೆಯಲ್ಲಿ ದುಡಿದು ಮೈಕೈ ನೋವಿಗೆ ದಿನಕ್ಕೊಂದು ನೋವಿನ ಮಾತ್ರೆ ನುಂಗುವ ಅಭ್ಯಾಸ ಇಲ್ಲಿ ಎಷ್ಟಿದೆ ಎಂದು ನಮಗೆಲ್ಲ ಗೊತ್ತು. ಆ ಮಾತ್ರೆಗಳು ತಾವಾಗಿಯೇ ಕರುಳಿನಲ್ಲಿ ಹುಣ್ಣು ಮಾಡಬಲ್ಲವು, ಇರುವ ಐಬಿಡಿಯನ್ನು ಕೆರಳಿಸಲೂ ಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಕೊಲೊನೋಸ್ಕೋಪಿಗೆ ಕೊಡಗಿನಿಂದ ಹೆಚ್ಚಿನವರು ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ಕರುಳು ಖಾಲಿ ಮಾಡುವ ಔಷಧಿಯನ್ನು ಎರಡು ಭಾಗ ಮಾಡಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮುಂಚೆ ಕುಡಿಯಬೇಕು. ಎರಡನೇ ಅರ್ಧ ಕುಡಿದು ಬಸ್ಸು ಹತ್ತಲಾಗದು. ಹಿಂದಿನ ದಿನವೇ ಹೋಗಿ ಕಕ್ಕಸು ಹತ್ತಿರವಿರುವ ಕೋಣೆಯಲ್ಲಿ ಉಳಿದುಕೊಳ್ಳಿ. ಆ ಖರ್ಚು ಉಳಿಸಲು ಹೋಗಿ ಅರ್ಧಂಬರ್ಧ ಖಾಲಿಯಾದ ಕರುಳಿನಲ್ಲಿ ಪರೀಕ್ಷೆ ಮಾಡಿಸಿದರೆ ಇಡೀ ಪ್ರಯಾಣ ದಂಡ. ಕಬ್ಬಿಣದ ಮಾತ್ರೆಯನ್ನು ವೈದ್ಯರಿಗೆ ಹೇಳಿ ಒಂದು ವಾರ ಮುಂಚೆ ನಿಲ್ಲಿಸಬೇಕು, ಅದು ಕರುಳಿಗೆಲ್ಲ ಕಪ್ಪು ಬಳಿದು ಏನೂ ಕಾಣದಂತೆ ಮಾಡುತ್ತದೆ. ಎರಡು ದಿನ ಮುಂಚಿನಿಂದ ಸೊಪ್ಪು, ಬೀಜ, ರಾಗಿ, ಹಣ್ಣಿನ ಸಿಪ್ಪೆ ಬೇಡ. ಅಕ್ಕಿ ತರಿಯ ಕಡಂಬುಟ್ಟು, ಅಕ್ಕಿ ಶಾವಿಗೆಯ ನೂಪುಟ್ಟು, ಬಿಳಿ ಅನ್ನ, ಮೊಸರು ಆಗಬಹುದು. ಹಿಂದಿನ ದಿನ ಎಳನೀರು, ಗಂಜಿ ತಿಳಿ, ಹಾಲಿಲ್ಲದ ಕಾಫಿ. ವರದಿ ಕೈಗೆ ಬಂದಾಗ ಒಂದು ಸಾಲು ಹುಡುಕಿ: ಸಣ್ಣ ಕರುಳಿನ ಕೊನೆಯ ಭಾಗವನ್ನು, ಅಂದರೆ ಟರ್ಮಿನಲ್ ಇಲಿಯಮ್ ಅನ್ನು, ಹೊಕ್ಕು ನೋಡಿದ್ದಾರೆಯೇ? ನೋಡಿರದಿದ್ದರೆ ಕ್ರೋನ್ಸ್ ಇಲ್ಲ ಎಂದು ಹೇಳುವ ಹಕ್ಕು ಆ ವರದಿಗೆ ಇಲ್ಲ.

ಔಷಧಿಗೆ ಬರೋಣ. ಗಾರೆಯ ರೋಗಕ್ಕೆ ಗಾರೆಗೆ ತಾಗುವ ಮದ್ದು ಸಾಕಾಗುತ್ತದೆ. ಮೆಸಲಮೈನ್ ಲೋಳೆಪೊರೆಗೆ ನೇರವಾಗಿ ತಾಗಿ ಕೆಲಸ ಮಾಡುತ್ತದೆ, ದಿನಕ್ಕೆ 2.4ರಿಂದ 4.8 ಗ್ರಾಂ, ಒಂದೇ ಹೊತ್ತಿಗೆ ತೆಗೆದುಕೊಂಡರೂ ನಡೆಯುತ್ತದೆ. ಗೋಡೆ ಬಿರಿದ ಕ್ರೋನ್ಸ್‌ಗೆ ಅದರಿಂದ ಪ್ರಯೋಜನ ಬಲು ಕಡಿಮೆ. ಕ್ರೋನ್ಸ್ ಎಂದು ಗೊತ್ತಾದ ಮೇಲೂ ವರ್ಷಗಟ್ಟಲೆ ಅದೊಂದನ್ನೇ ನುಂಗುತ್ತಿರುವವರು ಈ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಕೊಲೈಟಿಸ್ ಗುದನಾಳದಲ್ಲೇ ಇದ್ದರೆ ಬಾಯಿಂದ ನುಂಗುವ ಮಾತ್ರೆಗಿಂತ ಕೆಳಗಿನಿಂದ ಇಡುವ ಮದ್ದೇ ಮೇಲು. ಎಡಭಾಗದವರೆಗೆ ಇದ್ದರೆ ಮಾತ್ರೆ ಮತ್ತು ಕೆಳಗಿನಿಂದ ಒಳಬಿಡುವ ದ್ರವದ ಎನಿಮಾ ಎರಡೂ ಸೇರಿದಾಗ ಒಂದೊಂದೇ ಮಾಡುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಇದನ್ನು ಬರೆದುಕೊಟ್ಟರೆ ಜನ ನಾಚಿಕೆಯಿಂದ ಮೆಡಿಕಲ್‌ನಲ್ಲಿ ಕೊಳ್ಳುವುದೇ ಇಲ್ಲ, ಕೊಂಡರೂ ಹೇಗೆ ಬಳಸುವುದೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಬಳಕೆ ಹೀಗೆ. ರಾತ್ರಿ ಮಲಗುವ ಮುಂಚೆ ಕಕ್ಕಸಿಗೆ ಹೋಗಿಬನ್ನಿ. ಮಡಿಕೇರಿಯ ಚಳಿಯಲ್ಲಿ ಎನಿಮಾ ಬಾಟಲಿ ತಣ್ಣಗೆ ಕೊರೆಯುತ್ತಿರುತ್ತದೆ. ತಣ್ಣನೆಯದು ಒಳಗೆ ಹೋದೊಡನೆ ಕರುಳು ಹಿಂಡಿಕೊಂಡು ಹೊರಗೆ ತಳ್ಳುತ್ತದೆ, ಜನ ಬಿಟ್ಟುಬಿಡುವುದು ಈ ಕಾರಣಕ್ಕೇ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಚೆನ್ನಾಗಿ ಕುಲುಕಿ. ಹಳೆಯ ಟವೆಲ್ ಹಾಸಿ, ಏಕೆಂದರೆ ಮೆಸಲಮೈನ್ ಬಟ್ಟೆಗೆ ಹೋಗದ ಕಂದು ಕಲೆ ಮಾಡುತ್ತದೆ. ಎಡ ಮಗ್ಗುಲಿಗೆ ಮಲಗಿ, ಎಡಗಾಲು ನೀಳವಾಗಿರಲಿ, ಬಲ ಮಂಡಿಯನ್ನು ಎದೆಯ ಕಡೆ ಮಡಚಿ. ದೊಡ್ಡ ಕರುಳಿನ ಕೊನೆಯ ಭಾಗ ಎಡಗಡೆಗೆ ಇರುವುದರಿಂದ ಮದ್ದು ತಾನಾಗಿ ಮೇಲಕ್ಕೆ ಹರಿಯುತ್ತದೆ. ತುದಿಗೆ ಜಾರುವ ಜೆಲ್ಲಿ ಹಚ್ಚಿ, ಹೊಕ್ಕಳಿನ ಕಡೆಗೆ ತುದಿ ಮಾಡಿ ಒಳಗಿಟ್ಟು, ನಿಧಾನವಾಗಿ ಹಿಂಡಿ. ಹಿಂಡಿದ ಕೈ ಸಡಿಲಿಸದೆ ಹೊರಗೆ ತೆಗೆಯಿರಿ, ಸಡಿಲಿಸಿದರೆ ಬಾಟಲಿ ಮದ್ದನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಅರ್ಧ ಗಂಟೆ ಅದೇ ಮಗ್ಗುಲಲ್ಲಿ ಇರಿ, ಆದಷ್ಟು ಬೆಳಗಿನವರೆಗೆ ಹಿಡಿದಿಡಿ. ಮೊದಲ ಮೂರು ನಾಲ್ಕು ರಾತ್ರಿ ನಿಲ್ಲದಿರಬಹುದು. ಉರಿ ತಗ್ಗಿದ ಹಾಗೆ ನಿಲ್ಲುತ್ತದೆ. ಗುದದೊಳಗೆ ಇಡುವ ಗುಳಿಗೆ, ಸಪೋಸಿಟರಿಯಾದರೆ 1 ಗ್ರಾಮಿನದು ರಾತ್ರಿಗೆ ಒಂದು. ರಕ್ತ ನಿಂತಿತೆಂದು ಹತ್ತೇ ದಿನಕ್ಕೆ ಬಿಡುವುದು ದೊಡ್ಡ ತಪ್ಪು. ರಕ್ತ ನಿಲ್ಲುವುದು ಮೊದಲು, ಪೊರೆ ಮಾಯುವುದು ಎಷ್ಟೋ ವಾರಗಳ ನಂತರ.

ಸ್ಟೆರಾಯ್ಡ್ ಬೆಂಕಿ ಆರಿಸುವ ನೀರು. ಪ್ರೆಡ್ನಿಸೋಲೋನ್ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಶುರುವಾಗಿ ವಾರಕ್ಕೆ 5ರಂತೆ ಇಳಿದು ಎಂಟು ವಾರಕ್ಕೆ ಮುಗಿಯುತ್ತದೆ. ನಡುವೆ ಒಮ್ಮೆಲೇ ನಿಲ್ಲಿಸುವಂತಿಲ್ಲ. ದೇಹ ತನ್ನದೇ ಸ್ಟೆರಾಯ್ಡ್ ಮಾಡುವುದನ್ನು ಅಷ್ಟರಲ್ಲಿ ಮರೆತಿರುತ್ತದೆ, ನಿಲ್ಲಿಸಿದರೆ ಬಿಪಿ ಕುಸಿಯುತ್ತದೆ. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ರಕ್ತ ಬಂದರೆ, ಅಥವಾ ವರ್ಷದಲ್ಲಿ ಎರಡನೇ ಸಲ ಬೇಕಾದರೆ, ಮತ್ತೊಂದು ಸುತ್ತು ಬರೆಸಿಕೊಳ್ಳುವುದು ಪರಿಹಾರವಲ್ಲ. ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಿಂದ ತಾವೇ ಕೊಂಡು ನುಂಗುವವರು ಮೂಳೆ ಸವೆದು, ಸಕ್ಕರೆ ಏರಿ, ಕಣ್ಣಿಗೆ ಪೊರೆ ಬಂದು ನಿಲ್ಲುತ್ತಾರೆ.

ಸ್ಟೆರಾಯ್ಡ್ ಬಿಡಲಾಗದ ಹಂತದಲ್ಲಿ ಬರುವುದು ರೋಗನಿರೋಧಕ ಪಡೆಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ. ಕೆಲಸ ತೋರಿಸಲು ಎರಡು ಮೂರು ತಿಂಗಳು ಬೇಕು, ತಾಳ್ಮೆ ಬೇಕು. ಎನ್‌ಯುಡಿಟಿ15 ಎಂಬ ಜೀನ್‌ನ ಒಂದು ಬಗೆ ನಮ್ಮ ಏಷ್ಯಾದವರಲ್ಲಿ ಯುರೋಪಿನವರಿಗಿಂತ ಹೆಚ್ಚು. ಅದು ಇರುವವರಿಗೆ ಈ ಮಾತ್ರೆಯಿಂದ ಬಿಳಿ ರಕ್ತಕಣ ದಿಢೀರ್ ಕುಸಿಯುತ್ತದೆ. ಶುರುಮಾಡುವ ಮುಂಚೆ ಜೀನ್ ಪರೀಕ್ಷೆ ಆದರೆ ಒಳ್ಳೆಯದು, ಆಗದಿದ್ದರೆ ಎರಡು ವಾರಕ್ಕೆ, ನಾಲ್ಕು ವಾರಕ್ಕೆ, ಆಮೇಲೆ ವೈದ್ಯರು ಹೇಳಿದ ಹಾಗೆ ರಕ್ತಪರೀಕ್ಷೆ ತಪ್ಪಿಸಬಾರದು. ಮೊದಲ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಉದುರಿದರೆ, ಜ್ವರ ಬಂದರೆ, ಅಂದೇ ವೈದ್ಯರಿಗೆ ಫೋನ್ ಮಾಡಿ ಅಂದೇ ರಕ್ತ ಕೊಡಿ. ಗೌಟ್‌ಗೆ ಅಲೋಪ್ಯೂರಿನಾಲ್ ನುಂಗುವವರು ಅದನ್ನು ಬಾಯಿಬಿಟ್ಟು ಹೇಳಲೇಬೇಕು, ಎರಡೂ ಸೇರಿದರೆ ಪ್ರಾಣಕ್ಕೇ ಕುತ್ತು.

ಜೀವಕೋಶಗಳಿಂದ ತಯಾರಿಸುವ ಬಯಾಲಾಜಿಕ್ ಇಂಜೆಕ್ಷನ್‌ಗಳಲ್ಲಿ ಮೊದಲನೆಯದು ಇನ್‌ಫ್ಲಿಕ್ಸಿಮ್ಯಾಬ್. ಕ್ರೋನ್ಸ್‌ಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಕಿಲೋಗೆ 5 ಮಿಲಿಗ್ರಾಂನಂತೆ ಮೊದಲ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ಡ್ರಿಪ್. ಭಾರತದಲ್ಲೇ ತಯಾರಾಗುವ, ಅದನ್ನೇ ಹೋಲುವ ಬಯೋಸಿಮಿಲರ್‌ಗಳು ಬಂದ ಮೇಲೆ ಬೆಲೆ ಇಳಿದಿದೆ. ಇದನ್ನು ಕೊಡುವ ಮುಂಚೆ ಎದೆ ಎಕ್ಸ್‌ರೇ, ಅಡಗಿರುವ ಟಿಬಿಯ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಮೂರೂ ಆಗಿರಬೇಕು. ಈ ಮದ್ದು ಉರಿಯನ್ನು ಅಡಗಿಸುವ ಹಾಗೆಯೇ, ಮಲಗಿರುವ ಟಿಬಿಯನ್ನು ಎಬ್ಬಿಸಿಯೂ ಬಿಡುತ್ತದೆ.

ಮನೆಯಲ್ಲಿ ನಿಭಾಯಿಸುವುದಕ್ಕೂ ಆಸ್ಪತ್ರೆಗೆ ಓಡುವುದಕ್ಕೂ ನಡುವಿನ ಗೆರೆ ಕೊಲೈಟಿಸ್‌ನಲ್ಲಿ ಬಹಳ ಸ್ಪಷ್ಟ. ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 1955ರಲ್ಲಿ ಹಾಕಿದ ಗೆರೆ ಇಂದಿಗೂ ನಡೆಯುತ್ತಿದೆ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಅದರ ಜೊತೆಗೆ ಇವುಗಳಲ್ಲಿ ಒಂದಾದರೂ: ಜ್ವರ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿರುವುದು, ನಾಡಿ ನಿಮಿಷಕ್ಕೆ 90 ದಾಟಿರುವುದು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಇಎಸ್ಆರ್ 30ಕ್ಕಿಂತ ಹೆಚ್ಚು. ಜ್ವರ ಮತ್ತು ನಾಡಿಯನ್ನು ಮನೆಯಲ್ಲೇ ನೋಡಬಹುದು. ಗೆರೆ ದಾಟಿದ್ದರೆ ಬೆಳಗಾಗಲಿ ಎನ್ನಬಾರದು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಆಗ ಖಂಡಿತ ಬೇಡ, ಕರುಳು ನಿಶ್ಚಲವಾಗಿ ಬೆಲೂನಿನ ಹಾಗೆ ಉಬ್ಬಿ ಒಡೆಯುವ ಅಪಾಯವಿದೆ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಸ್ಟೆರಾಯ್ಡ್ ಕೊಟ್ಟು ಮೂರನೇ ದಿನಕ್ಕೆ ಲೆಕ್ಕ ಹಾಕುತ್ತಾರೆ. ಭೇದಿ ಎಂಟರ ಮೇಲೆಯೇ ಇದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೋಸ್ಪೋರಿನ್, ಅದೂ ಸೋತರೆ ದೊಡ್ಡ ಕರುಳು ತೆಗೆಯುವ ಆಪರೇಷನ್. ರಕ್ತ ಹೋಗುತ್ತಿರುವ ರೋಗಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಚುಚ್ಚುವುದನ್ನು ನೋಡಿ ಮನೆಯವರು ಗಾಬರಿಯಾಗುತ್ತಾರೆ. ಅದು ತಪ್ಪಲ್ಲ. ಇಂಥ ಉರಿಯಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಬಹಳ ಹೆಚ್ಚು.

ಆಪರೇಷನ್‌ನಲ್ಲೂ ಮತ್ತೆ ಅದೇ ಗಾರೆ, ಗೋಡೆಯ ಮಾತು. ಕೊಲೈಟಿಸ್‌ನಲ್ಲಿ ದೊಡ್ಡ ಕರುಳನ್ನು ಗುದನಾಳ ಸಮೇತ ಪೂರ್ತಿ ತೆಗೆದರೆ ಕರುಳಿನ ರೋಗ ಮುಗಿಯುತ್ತದೆ. ಸಣ್ಣ ಕರುಳಿನಿಂದಲೇ ಚೀಲ ಮಾಡಿ ಜೋಡಿಸಬಹುದು. ಕ್ರೋನ್ಸ್‌ನಲ್ಲಿ ಕೆಟ್ಟ ತುಂಡು ತೆಗೆದು ಹೊಲಿದರೂ ರೋಗ ಹೆಚ್ಚಾಗಿ ಆ ಹೊಲಿಗೆಯ ಅಂಚಿಗೇ ಮರಳುತ್ತದೆ, ಬೀಡಿ ಸಿಗರೇಟು ಬಿಡದವರಲ್ಲಿ ಇನ್ನೂ ಬೇಗ. ಸಣ್ಣ ಕರುಳಿನ ಕೊನೆಯ 20 ಸೆಂಟಿಮೀಟರ್‌ಗಿಂತ ಹೆಚ್ಚು ಹೋಗಿದ್ದರೆ ಬಿ12 ಹೀರುವ ಜಾಗವೇ ಹೋದಂತೆ. ಎಷ್ಟು ಮಾಂಸ ತಿಂದರೂ ಸಾಲದು, ತಿಂಗಳಿಗೊಂದು ಇಂಜೆಕ್ಷನ್ ಜೀವನಪೂರ್ತಿ.

ಊಟದ ಬಗ್ಗೆ ಇಲ್ಲಿ ಕೇಳದ ಮನೆಯಿಲ್ಲ. ರೋಗ ಶಾಂತವಾಗಿದ್ದು ಕರುಳು ಕಿರಿದಾಗಿರದಿದ್ದರೆ ಪಂದಿ ಕರಿಗೂ ಅಡ್ಡಿಯಿಲ್ಲ, ಮಿತವಾಗಿರಲಿ. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟವರಿಗೆ ಮಾತ್ರ ಕೊಬ್ಬು ಜೀರ್ಣವಾಗದೆ ಭೇದಿಯಾಗುತ್ತದೆ. ಅಂಥವರು ತುಪ್ಪದಂತೆ ತೇಲುವ ಕೊಬ್ಬನ್ನು ತೆಗೆದುಹಾಕಿ ತಿನ್ನಲಿ. ಕರುಳು ಕಿರಿದಾಗಿದೆ ಎಂದು ಸ್ಕ್ಯಾನ್ ಹೇಳಿದ್ದರೆ ಕಣಿಲೆ, ಕಾಡು ಅಣಬೆ, ಹಲಸಿನ ಗುಜ್ಜೆ, ಕಿತ್ತಳೆಯ ತೊಳೆಯ ಮೇಲಿನ ಸಿಪ್ಪೆ ನಿಜಕ್ಕೂ ಅಪಾಯ. ಕಣಿಲೆಯನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿದರೆ ಕಹಿ, ವಿಷ ಹೋಗುತ್ತದೆ, ನಾರು ಹೋಗುವುದಿಲ್ಲ. ಅದು ಕಿರಿದಾದ ಜಾಗದಲ್ಲಿ ಸಿಂಬೆ ಸುತ್ತಿ ಕೂರುತ್ತದೆ. ಕಿತ್ತಳೆ ಬೇಕಾದರೆ ರಸ ಹಿಂಡಿ ಕುಡಿಯಿರಿ. ರೋಗ ಕೆರಳಿದ ದಿನಗಳಲ್ಲಿ ನುಣ್ಣಗೆ ಬೆಂದ ಗಂಜಿ, ಕಡಂಬುಟ್ಟು, ಮೊಟ್ಟೆ, ಮೀನು ಒಳ್ಳೆಯದು. ಉಪವಾಸ ಕೆಡುಕು. ಮೊದಲೇ ಸವೆದ ದೇಹಕ್ಕೆ ಪ್ರೋಟೀನ್ ಬೇಕು. ನೀರು ಕಳೆದುಕೊಂಡವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬಸಿರಾಗುವ ಯೋಚನೆ ಇದ್ದರೆ ರೋಗ ಕನಿಷ್ಠ ಮೂರು ತಿಂಗಳು ಶಾಂತವಾಗಿದ್ದ ಮೇಲೆ. ಮಗುವಿಗೆ ಆಗದೆಂದು ತಾವಾಗಿ ಮೆಸಲಮೈನ್, ಅಜಥಯೋಪ್ರಿನ್ ನಿಲ್ಲಿಸುವ ಹೆಣ್ಣುಮಕ್ಕಳು ಕೆರಳಿದ ರೋಗದಿಂದಲೇ ಹೆಚ್ಚು ಕಷ್ಟಕ್ಕೆ ಸಿಗುತ್ತಾರೆ. ಕೆಲವರಿಗೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಮಾತ್ರ ಮೂರು ತಿಂಗಳು ಮುಂಚೆಯೇ ನಿಲ್ಲಬೇಕು.

ಜೂನ್ ಬರುವ ಮುಂಚೆ ಒಂದೂವರೆ ತಿಂಗಳಿಗಾಗುವಷ್ಟು ಮಾತ್ರೆ ಮನೆಯಲ್ಲಿರಲಿ. ರಸ್ತೆ ಕುಸಿದು ಸ್ಟೆರಾಯ್ಡ್ ನಡುವೆ ನಿಂತುಹೋಗುವಂತಾಗಬಾರದು. ಮನೆಯಲ್ಲೇ ಚುಚ್ಚಿಕೊಳ್ಳುವ ಇನ್ನೊಂದು ಬಯಾಲಾಜಿಕ್, ಅಡಾಲಿಮ್ಯಾಬ್ ಪೆನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು. ಗಾಳಿಮಳೆಗೆ ಕಂಬ ಬಿದ್ದು ಮೂರು ನಾಲ್ಕು ದಿನ ಕರೆಂಟ್ ಇಲ್ಲದಿದ್ದರೆ ಗಾಬರಿ ಬೇಡ, ಮೂಲ ಬ್ರ್ಯಾಂಡಿನದು 25 ಡಿಗ್ರಿ ಮೀರದ ಜಾಗದಲ್ಲಿ, ಬೆಳಕು ಬೀಳದಂತೆ, 14 ದಿನ ತಡೆಯುತ್ತದೆ. ನಿಮ್ಮ ಬ್ರ್ಯಾಂಡಿಗೆ ಎಷ್ಟು ದಿನ ಎನ್ನುವುದು ಡಬ್ಬಿಯೊಳಗಿನ ಚೀಟಿಯಲ್ಲಿದೆ. ಹೊರಗೆ ತೆಗೆದ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ. ಕೆಡುವುದು ಹೆಚ್ಚಾಗಿ ಇನ್ನೊಂದು ರೀತಿಯಲ್ಲಿ: ತಣ್ಣಗಿರಲೆಂದು ಐಸಿಗೆ ಒತ್ತಿ ಇಟ್ಟು, ಅದು ಹೆಪ್ಪುಗಟ್ಟಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಚುಚ್ಚಿಕೊಳ್ಳುವಂತಿಲ್ಲ.

ಫೈಲಿನ ಮೊದಲ ಹಾಳೆಯಲ್ಲಿ ರೋಗದ ಹೆಸರು, ಅದು ಎಲ್ಲಿಂದ ಎಲ್ಲಿಯವರೆಗೆ ಇದೆ, ಯಾವ ಮದ್ದು ಆಗಿಬರಲಿಲ್ಲ, ಟಿಬಿ ಪರೀಕ್ಷೆ ಎಂದು ಆಯಿತು ಎನ್ನುವುದರ ಜೊತೆಗೆ, ಮೊದಲ ಸಲ ರಕ್ತ ಕಂಡ ವರ್ಷವನ್ನೂ ಬರೆದಿಡಿ. ದೊಡ್ಡ ಕರುಳಿನಲ್ಲಿ ಉರಿ ಇರುವವರಿಗೆ ಆ ವರ್ಷದಿಂದ ಎಂಟು ಎಣಿಸಿ ಕ್ಯಾನ್ಸರ್ ತಪಾಸಣೆಯ ಕೊಲೊನೋಸ್ಕೋಪಿ ಶುರುವಾಗಬೇಕು. ಉರಿ ಗುದನಾಳಕ್ಕಷ್ಟೇ ಸೀಮಿತವಾಗಿದ್ದರೆ ಅದರ ಅಗತ್ಯವಿಲ್ಲ. ಲೆಕ್ಕ ಶುರುವಾಗುವುದು ರೋಗಕ್ಕೆ ಹೆಸರು ಸಿಕ್ಕ ವರ್ಷದಿಂದಲ್ಲ, ಉಷ್ಣ ಎಂದುಕೊಂಡು ಎಳನೀರು ಕುಡಿದ ವರ್ಷದಿಂದ.